ಗುಳ್ಳೆ ನಿಲ್ಲುವವರೆಗೆ

ತಪ್ಪು ಒಪ್ಪಿಕೊಳ್ಳುವುದು ಹೇಗೆ ಎಂಬುದನ್ನೂ ಅವಳಿಗೆ ಕಂಪನಿಯವರೇ ಕಲಿಸಿಕೊಟ್ಟರು. ಎಲ್ಲಿ ನಿಲ್ಲಬೇಕು, ಕೈ ಎಷ್ಟು ಎತ್ತರಕ್ಕೆ ಮುಗಿಯಬೇಕು, ಯಾವ ಮಾತು ಬಂದಾಗ ಸೆರಗು ಕಣ್ಣಿಗೆ ಹೋಗಬೇಕು, ಎಲ್ಲ. ಕೆಲಸ ಕಲಿಸುವುದಕ್ಕೆ ಎಂದೂ ಪುರುಸೊತ್ತಾಗದಿದ್ದವರಿಗೆ ಇದನ್ನು ಕಲಿಸಲು ಇಡೀ ಒಂದು ಸಂಜೆ ಪುರುಸೊತ್ತಿತ್ತು.

ಅವಳು ರಿಪೇರಿ ಶೆಡ್ಡಿನಲ್ಲಿ ಒರೆಸುವವಳು. ಗಿರಣಿಗಳಿಂದ ಕೆಟ್ಟು ಬರುವ ಪಂಪು, ಮೋಟಾರು, ಗೇರ್ ಬಾಕ್ಸುಗಳನ್ನು ಬಿಚ್ಚಿ, ಸರಿಮಾಡಿ, ಕಳಿಸುವ ಶೆಡ್ಡು ಅದು. ಬಿಚ್ಚುವವರು ಗಂಡಸರು. ಬಿಚ್ಚಿದ್ದನ್ನು ತೊಳೆಯುವವರು ಹೆಂಗಸರು. ಗಂಡಸರಿಗೆ ಕಂಪನಿಯ ಬೂಟು, ಕಂಪನಿಯ ಹೆಲ್ಮೆಟ್ಟು, ಕಂಪನಿಯ ಗ್ಲೌಸು. ಹೆಂಗಸರು ಗುತ್ತಿಗೆಯವರು. ಅವರು ಬರಿಗೈಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಉಜ್ಜುತ್ತಾರೆ. ಬೆರಳ ಸಂದು ಸೀಳುತ್ತದೆ. ಮನೆಗೆ ಹೋಗಿ ಸಾರಿಗೆ ಉಪ್ಪು ಹಾಕುವಾಗ ಆ ಸೀಳು ಉರಿಯುತ್ತದೆ. ಅನ್ನ ಕಲಸಿದರೆ ಅನ್ನವೂ ಸೀಮೆಎಣ್ಣೆ ನಾರುತ್ತದೆ. ಊಟದ ಹೊತ್ತಿಗೆ ಗಂಡಸರಿಗೆ ಫ್ಯಾನಿನ ಕೆಳಗೆ ಬೆಂಚು, ಇವರಿಗೆ ಗುಜರಿ ರಾಶಿಯ ಹಿಂದಿನ ನೆರಳು.

ಎಣ್ಣೆ ಒರೆಸುವ ನೂಲಿನ ಚಿಂದಿಗೆ ಅಲ್ಲಿ ವೇಸ್ಟ್ ಅನ್ನುತ್ತಾರೆ. ಅದರ ಮೂಟೆ ಹೊತ್ತು ಮೇಜಿಂದ ಮೇಜಿಗೆ ಹಂಚುವುದು ಇವಳ ಇನ್ನೊಂದು ಕೆಲಸ. ಹಾಗಾಗಿ ಇವಳು ವೇಸ್ಟಮ್ಮ. ಯಾರೋ ಮೊದಲು ಕರೆದರು, ಉಳಿದವರು ನಕ್ಕರು, ಹೆಸರು ಅಂಟಿಕೊಂಡಿತು. ಮೊದಮೊದಲು ಅವಳು ತಿರುಗಿ ನೋಡುತ್ತಿರಲಿಲ್ಲ. ಆಮೇಲೆ ಓಗೊಡತೊಡಗಿದಳು. ಗಂಡ ಬಿಟ್ಟು ಹೋದವಳಿಗೆ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಒಲೆ ಹಚ್ಚುವವಳಿಗೆ, ಕರೆದ ಹೆಸರಿಗೆಲ್ಲ ಮುನಿಸಿಕೊಂಡರೆ ನಡೆಯುತ್ತದೆಯೇ?

ಅವಳನ್ನು ಅಲ್ಲಿಗೆ ಸೇರಿಸಿದ್ದು ತಮ್ಮ. ಅವನು ಆ ಶೆಡ್ಡಿನ ಖಲಾಸಿ, ಅಂದರೆ ಭಾರ ಎತ್ತಿ ಇಳಿಸುವವನು. ಖಲಾಸಿಗಳ ಕೈಯಲ್ಲಿ ಸದಾ ಇರುವುದು ಲಿವರ್ ಹಾಯಿಸ್ಟು. ಬೊಗಸೆಯಲ್ಲಿ ಹಿಡಿಯಬಹುದಾದ ಕಬ್ಬಿಣದ ಡಬ್ಬಿ. ಮೇಲೊಂದು ಕೊಕ್ಕೆ, ಕೆಳಗೆ ಸರಪಳಿಯ ತುದಿಗೆ ಇನ್ನೊಂದು ಕೊಕ್ಕೆ, ಪಕ್ಕದಲ್ಲಿ ಒಂದು ಹಿಡಿ. ಮೇಲಿನ ಕೊಕ್ಕೆಯನ್ನು ತೊಲೆಗೆ ಸಿಕ್ಕಿಸಿ, ಕೆಳಗಿನದನ್ನು ಭಾರಕ್ಕೆ ಹಾಕಿ, ಹಿಡಿಯನ್ನು ಹಿಂದೆ ಮುಂದೆ ಆಡಿಸಿದರೆ ಕಿಟಕಿಟ ಅನ್ನುತ್ತ ಎಮ್ಮೆಯಷ್ಟು ದೊಡ್ಡ ಗೇರ್ ಬಾಕ್ಸು ನೆಲ ಬಿಟ್ಟು ಏಳುತ್ತದೆ. ಕೈ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಏಕೆ ನಿಲ್ಲುತ್ತದೆ ಎಂದು ವೇಸ್ಟಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅವಕಾಶ ಒಮ್ಮೆ ಬಂದಿತ್ತು. ಅದು ಬಾಗಿಲಾಚೆಗೇ ಉಳಿಯಿತು.

ಹಾಯಿಸ್ಟು ಮಾರುವ ಕಡೆಯಿಂದ ಒಬ್ಬರು ಬಂದು ಪಾಠ ಮಾಡಿದ್ದರು. ಕುರ್ಚಿ ಹೊತ್ತು ಸಾಲಾಗಿ ಇಟ್ಟವಳು ವೇಸ್ಟಮ್ಮ. ನೀರು ತಂದಿಟ್ಟವಳೂ ಅವಳೇ. ಪಾಠ ಶುರುವಾಗುವ ಹೊತ್ತಿಗೆ ಹೆಂಗಸರೆಲ್ಲ ಬಾಗಿಲ ಬಳಿ ನಿಂತಿದ್ದರು. ಸೂಪರ್‌ವೈಸರ್ ಬಂದು, ಇಲ್ಲೇನು ನಾಟಕ ನಡೀತಿದೆಯಾ, ಹೋಗಿ ಕೆಲಸ ನೋಡಿ ಎಂದು ಬಾಗಿಲು ಎಳೆದುಕೊಂಡ. ಒಳಗೆ ಪಾಠ ಮುಗಿಯಿತು. ಅವನು ಮುಂದಿನ ಸಾಲಿನಲ್ಲಿ ಕೂತು ಫೋನು ಒತ್ತುತ್ತಿದ್ದನೆಂದು ಆಮೇಲೆ ತಮ್ಮ ಹೇಳಿದ. ಪಾಠ ಮುಗಿದ ಮೇಲೆ ಕುರ್ಚಿ ಎತ್ತಿಟ್ಟು ಕಸ ಗುಡಿಸಿದವಳೂ ವೇಸ್ಟಮ್ಮನೇ.

ರಿಪೇರಿಗೆ ಮಾಲು ಕೊಡುವ ದೊಡ್ಡ ಗಿರಣಿಯವರು ಶೆಡ್ಡು ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ಸೂಪರ್‌ವೈಸರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಬಣ್ಣ, ನೆಲಕ್ಕೆ ಹಳದಿ ಪಟ್ಟಿ. ಹಾಯಿಸ್ಟುಗಳು ತುಕ್ಕು ಹಿಡಿದು, ಮಸಿ ಮೆತ್ತಿ, ನೋಡುವ ಹಾಗಿರಲಿಲ್ಲ. ಅವನ್ನೆಲ್ಲ ಹೆಂಗಸರ ಮುಂದೆ ಸುರಿಸಿದ. ಸೀಮೆಎಣ್ಣೆಯಲ್ಲಿ ತೊಳೆದು, ಗೇರ್ ಆಯಿಲಿನಲ್ಲಿ ಅದ್ದಿ ತೆಗೆದು ಒರೆಸಿ, ಫಳಫಳ ಅನ್ನಬೇಕು ಎಂದ. ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನಲ್ಲಿ ಎಣ್ಣೆ ಸುರಿಸಿದವನೂ ಅವನೇ.

ಉಳಿದ ಹೆಂಗಸರು ಅದ್ದಿದ ಹಾಗೆ ಮಾಡಿ ತೆಗೆದಿಟ್ಟರು. ವೇಸ್ಟಮ್ಮ ಹಾಗೆ ಮಾಡುವವಳಲ್ಲ. ಅವಳಿಗೆ ಕೆಲಸ ಅಂದರೆ ಕೆಲಸ. ಎಣ್ಣೆ ಬಿದ್ದರೆ ಯಾವ ಯಂತ್ರವಾದರೂ ಸುಖವಾಗಿ ತಿರುಗುತ್ತದೆ ಎಂಬುದಷ್ಟನ್ನು ಅವಳು ಆ ಶೆಡ್ಡಿನಲ್ಲಿ ಕಣ್ಣಾರೆ ಕಂಡಿದ್ದಳು. ಡ್ರಮ್ಮಿನಲ್ಲಿ ಮುಳುಗಿಸಿದಾಗ ಡಬ್ಬಿಯ ಸಂದಿನಿಂದ ಗುಳ್ಳೆ ಏಳುತ್ತಿತ್ತು. ಗುಳ್ಳೆ ಏಳುತ್ತಿದೆ ಅಂದರೆ ಒಳಗೆ ಇನ್ನೂ ಎಣ್ಣೆ ಹೋಗಿಲ್ಲ ಎಂದು ಅವಳ ಲೆಕ್ಕ. ಗುಳ್ಳೆ ನಿಲ್ಲುವವರೆಗೆ ಹಿಡಿದುಕೊಂಡಳು. ಉಳಿದವರು ತೆಗೆದಿಟ್ಟದ್ದನ್ನೂ ಮತ್ತೆ ಎತ್ತಿ ಮುಳುಗಿಸಿದಳು. ಮೊಣಕೈವರೆಗೆ ಎಣ್ಣೆ, ಭಾರಕ್ಕೆ ಭುಜ ಬಿದ್ದು ಹೋಗುವಂತಾಗಿತ್ತು. ಹಿಡಿಗೆ ನೀಲಿ ತಂತಿ ಸುತ್ತಿದ್ದು ತಮ್ಮನ ಹಾಯಿಸ್ಟು. ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದಳು. ತಮ್ಮನದಲ್ಲವೇ.

ಗಿರಣಿಯವರು ಬರುವ ದಿನ ಖಲಾಸಿಗಳಿಗೆ ಉಸಿರಾಡಲು ಬಿಡುವಿರಲಿಲ್ಲ. ಬೇರೆ ದಿನವಾದರೆ ತಮ್ಮ ಭಾರವನ್ನು ಒಂದು ಗೇಣು ಎತ್ತಿ, ಕೈ ಬಿಟ್ಟು, ಜಾರುತ್ತದೋ ಇಲ್ಲವೋ ನೋಡಿಯೇ ಮುಂದಕ್ಕೆ ಹೋಗುತ್ತಿದ್ದ. ಅವತ್ತು ನೋಡಲಿಲ್ಲ. ಹಿಂದೆ ಸೂಪರ್‌ವೈಸರ್ ಬೇಗ ಬೇಗ ಎನ್ನುತ್ತ ನಿಂತಿದ್ದ. ಗೇರ್ ಬಾಕ್ಸು ಸ್ಟ್ಯಾಂಡಿನ ಮೇಲೆ ಬರುವ ಹೊತ್ತಿಗೆ ತಮ್ಮ ಕೆಳಗೆ ಮರದ ತುಂಡು ಕೊಡಲು ಕೈ ಚಾಚಿದ. ಹಾಯಿಸ್ಟು ಕಿಟ್ ಅನ್ನಲಿಲ್ಲ. ಸುಮ್ಮನೆ ಜಾರಿತು. ಸದ್ದು ಮಾಡಿದ್ದು ಅವನ ಕೈ.

ಬಲಗೈಯಲ್ಲಿ ಡಾಕ್ಟರು ಉಳಿಸಿದ್ದು ಹೆಬ್ಬೆರಳು ಮತ್ತು ಒಂದಿಷ್ಟು ಅಂಗೈ.

ಆಸ್ಪತ್ರೆಯಲ್ಲಿ ತಮ್ಮನ ಹೆಂಡತಿ ಅತ್ತಿಗೆಯ ಮುಖ ನೋಡಲಿಲ್ಲ. ತಮ್ಮ ನೋಡಿದ. ನೋಡಿ, ಗೋಡೆಯ ಕಡೆ ತಿರುಗಿದ. ಗೋಡೆಗೇ ಹೇಳುವ ಹಾಗೆ ಹೇಳಿದ.

"ಒಳಗೆ ಬ್ರೇಕಿರುತ್ತೆ ಅಕ್ಕ. ಬಿಲ್ಲೆಗಳು ಒಂದನ್ನೊಂದು ಕಚ್ಚಿ ಹಿಡಿದ್ರೇನೇ ಭಾರ ನಿಲ್ಲೋದು. ಅವು ಒಣಗಿರ್ಬೇಕು. ಎಣ್ಣೆ ಕುಡಿಸಿದ್ರೆ ಏನನ್ನ ಕಚ್ಚುತ್ತೆ? ಸರಪಳಿಗೆ ಮಾತ್ರ ಎಣ್ಣೆ, ಒಳಗೆ ಒಂದು ತೊಟ್ಟೂ ಹೋಗಬಾರದು ಅಂತ ಅವತ್ತು ಪಾಠದಲ್ಲಿ ಹೇಳಿದ್ರಲ್ಲ."

"ಯಾರಿಗೆ ಹೇಳಿದ್ರು?" ಎಂದಳು ಅವಳು.

ಕುರ್ಚಿಯ ಮೇಲೆ ಕೂತು ಕೇಳಿಸಿಕೊಂಡವನು ಅವನು. ಆಮೇಲೆ ಮೆಲ್ಲಗೆ, ನೀನು ತೊಳೆದಿದ್ದು ಅಂತ ನಾನೂ ಪರೀಕ್ಷೆ ಮಾಡಲಿಲ್ಲ ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಶೆಡ್ಡಿನಲ್ಲಿ ಗುಸುಗುಸು ಶುರುವಾಯಿತು. ಹಾಯಿಸ್ಟು ಏಕೆ ಜಾರಿತು ಎಂದು ಖಲಾಸಿಗಳು ಕೇಳತೊಡಗಿದರು. ಕೇಳುವ ಬಾಯಿ ಮುಚ್ಚಿಸಲು ಮ್ಯಾನೇಜರ್ ಸಾಹೇಬರಿಗೆ ಒಬ್ಬ ತಪ್ಪಿತಸ್ಥ ಬೇಕಿದ್ದ. ಸೂಪರ್‌ವೈಸರ್ ಎಂದರೆ ಸಾಹೇಬರ ಕಡೆಯವನು. ಒರೆಸುವ ಹೆಂಗಸು ಯಾರವಳು?

ಸೂಪರ್‌ವೈಸರ್ ಅವಳ ಕೋಣೆಗೇ ಬಂದ. ಆ ಓಣಿಯಲ್ಲಿ ಅವನ ಬೂಟು ಅದೇ ಮೊದಲ ಬಾರಿ ಸದ್ದು ಮಾಡಿದ್ದು. ಅಕ್ಕಪಕ್ಕದವರು ಇಣುಕಿದರು. ಕೂರಲು ಇದ್ದ ಒಂದೇ ಸ್ಟೂಲನ್ನು ಅವಳು ಒರೆಸಿ ಕೊಟ್ಟಳು. ಅವನು ಕೂತು, ತುಂಬ ಒಳ್ಳೆಯವನ ಹಾಗೆ ಮಾತಾಡಿದ. ಆದದ್ದು ಆಗಿಹೋಯಿತು, ಇನ್ನು ತಮ್ಮನ ಬದುಕು ನೋಡಬೇಕಲ್ಲ ಎಂದ. ಎಲ್ಲರೆದುರು ಅವಳು ಕ್ಷಮೆ ಕೇಳಬೇಕು. ಯಾರೂ ಹೇಳಿರಲಿಲ್ಲ, ನನ್ನ ತಮ್ಮನದು ಎಂಬ ಪ್ರೀತಿಗೆ ಅದೊಂದಕ್ಕೇ ಎಣ್ಣೆ ಹಾಕಿದೆ, ನನ್ನ ಬುದ್ಧಿಗೇಡಿತನ ಎನ್ನಬೇಕು. ಹಾಗೆ ಅಂದರೆ ತಮ್ಮನಿಗೆ ಗೇಟಿನಲ್ಲಿ ಕೂತು ಮಾಡುವ ಕೆಲಸ. ಅವಳ ಕೆಲಸವೂ ಉಳಿಯುತ್ತದೆ. ಅನ್ನದಿದ್ದರೆ, ಭಾರದ ಕೆಳಗೆ ಕೈ ಕೊಟ್ಟಿದ್ದು ತಮ್ಮನದೇ ತಪ್ಪು ಎಂದು ತೀರ್ಮಾನ ಆಗುತ್ತದೆ, ಇಬ್ಬರೂ ಮನೆಗೆ.

"ಅದೊಂದಕ್ಕೇ ಅಲ್ಲವಲ್ಲ ಸಾರ್, ಎಲ್ಲಾನೂ ಅದ್ದಿದೀನಿ. ನೀವೇ ತಾನೆ ಹೇಳಿದ್ದು" ಎಂದಳು.

"ನೋಡಮ್ಮ, ಒಂದಕ್ಕೇ ಅನ್ನು. ಎಲ್ಲ ಅಂದ್ರೆ ಎಲ್ಲಾನೂ ಇಳಿಸಬೇಕು, ಶೆಡ್ಡು ಮುಚ್ಚಬೇಕು. ಹೊಸವು ಬರೋ ತನಕ ಕೆಲಸ ನಡೀಬೇಕಲ್ಲ. ಉಳಿದವನ್ನ ಚೆನ್ನಾಗಿ ಒರೆಸಿಟ್ಟಿದೀವಿ. ಅದೆಲ್ಲ ನಿಂಗ್ಯಾಕೆ?"

ಒರೆಸುವವಳಿಗೆ ಒರೆಸುವುದೆಂದರೇನು ಎಂದು ಗೊತ್ತು. ಬಟ್ಟೆ ಹೋಗುವುದು ಹೊರಗೆ. ಗುಳ್ಳೆ ನಿಲ್ಲುವವರೆಗೆ ತಾನು ಹಿಡಿದಿದ್ದು ಒಳಗೆ. ಆದರೂ ಅವಳು ಒಪ್ಪಿದಳು. ಇದರಲ್ಲಿ ಮುಚ್ಚಿಡುವುದೇನಿದೆ? ತಮ್ಮನ ಮನೆಯ ಒಲೆ ಅವಳ ಕಣ್ಣ ಮುಂದಿತ್ತು. ಸೂಪರ್‌ವೈಸರ್ ಹೇಳಿಕೊಟ್ಟದ್ದನ್ನು ಹೇಳಿ ತೋರಿಸಿದಳು. ಇನ್ನೂ ಸ್ವಲ್ಪ ಅಳು ಬರಬೇಕು ಎಂದು ಮತ್ತೆ ಮತ್ತೆ ಹೇಳಿಸಿದ. ಹೊರಡುವಾಗ, ಪರವಾಗಿಲ್ಲ ವೇಸ್ಟಮ್ಮ, ಜಾಣೆ ನೀನು ಎಂದ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿನ ನಡುವೆ ಸೇರಿಸಿದರು. ತಮ್ಮನನ್ನು ಕರೆಸಿ, ಕಟ್ಟು ಹಾಕಿದ ಕೈ ಎಲ್ಲರಿಗೂ ಕಾಣುವ ಹಾಗೆ ಕುರ್ಚಿಯ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಅವನ ಹೆಂಡತಿ. ಮಾತು ಬೇಗ ಮುಗಿಯುತ್ತದೆ, ಮುಗಿದ ಕೂಡಲೇ ಕೆಲಸ ಎಂದು ಎತ್ತಿದ್ದ ಭಾರಗಳನ್ನು ಇಳಿಸಿರಲಿಲ್ಲ. ತೊಲೆಗಳಿಂದ ಅಲ್ಲಲ್ಲಿ ಗೇರ್ ಬಾಕ್ಸು, ಪಂಪು ತೂಗುತ್ತಿದ್ದವು. ಜಾಗ ಸಾಲದೆ ಜನ ಅವುಗಳ ಕೆಳಗೂ ನಿಂತಿದ್ದರು. ಹೆಂಗಸರು ಎಂದಿನಂತೆ ಬಾಗಿಲ ಬಳಿ.

ಸಾಹೇಬರು ಎರಡು ಮಾತಾಡಿದರು. ಕಂಪನಿ ಒಂದು ಕುಟುಂಬ ಎಂದರು. ಕುಟುಂಬದಲ್ಲಿ ತಪ್ಪಾಗುತ್ತದೆ, ದೊಡ್ಡವರು ಕ್ಷಮಿಸುತ್ತಾರೆ ಎಂದರು. ಆಮೇಲೆ ಸೂಪರ್‌ವೈಸರ್ ಅವಳ ಕಡೆ ತಲೆಯಾಡಿಸಿದ.

ಅವಳು ತಮ್ಮನ ಮುಂದೆ ನಿಂತು ಕೈ ಮುಗಿದಳು. "ನನ್ನಿಂದ ತಪ್ಪಾಯ್ತು. ಯಾರೂ ಹೇಳಿರಲಿಲ್ಲ" ಎಂದಳು. ಅಲ್ಲಿಯವರೆಗೂ ಸರಿಯಾಗಿಯೇ ಬಂತು. ಮುಂದಿನ ಮಾತಿಗೆ ತಲೆ ಎತ್ತಿದಳು.

ತಮ್ಮನ ಹಿಂದೆ, ಗೇರ್ ಬಾಕ್ಸೊಂದರ ಅಡಿಯಲ್ಲಿ, ವಯಸ್ಸಾದ ಒಬ್ಬ ಖಲಾಸಿ ಗ್ಲೌಸು ಕಳಚಿಕೊಂಡು ನಿಂತಿದ್ದ. ಮೇಲಿನ ಹಾಯಿಸ್ಟಿನಿಂದ ಒಂದು ತೊಟ್ಟು ಎಣ್ಣೆ ಅವನ ಭುಜದ ಮೇಲೆ ಬಿತ್ತು. ಅವನು ಮೇಲೆ ನೋಡಲಿಲ್ಲ. ಬೆರಳಲ್ಲಿ ಒರೆಸಿ ಪ್ಯಾಂಟಿಗೆ ಸವರಿಕೊಂಡ. ಇನ್ನೊಂದು ತೊಟ್ಟು ಬಿತ್ತು.

ಅವಳ ನಾಲಿಗೆ ಅಲ್ಲೇ ನಿಂತಿತು. ಒಂದಕ್ಕೇ ಎಂಬ ಮಾತು ಗಂಟಲವರೆಗೆ ಬಂದಿತ್ತು. ಸೂಪರ್‌ವೈಸರ್ ತುಟಿ ಅಲ್ಲಾಡಿಸಿ ಆ ಮಾತನ್ನು ನೆನಪಿಸಿದ. ಮರೆತಿದ್ದಾಳೆ ಎಂದುಕೊಂಡ ಪಾಪ.

"ಒಂದಕ್ಕಲ್ಲ" ಎಂದಳು. ಮುಗಿದ ಕೈ ಬಿಟ್ಟಳು. "ಎಲ್ಲಾನೂ ಅದ್ದಿದೀನಿ. ಮೇಲೆ ನೋಡ್ರಪ್ಪ. ಅದೂ ನಾನು ಅದ್ದಿದ್ದೇ, ಅಗೋ ಅದೂ. ಒಳಗೆಲ್ಲ ಎಣ್ಣೆ ಹೋಗೋ ತನಕ ಮುಳುಗಿಸಿ ಹಿಡ್ಕೊಂಡಿದ್ದೆ. ಅದ್ದು ಅಂದೋರು ಇವರು. ಡ್ರಮ್ಮಿಗೆ ಎಣ್ಣೆ ಹುಯ್ಸಿದೋರು ಇವರು. ಒಂದಕ್ಕೇ ಅಂತ ಹೇಳು ಅಂತ ನಮ್ಮನೆಗೆ ಬಂದು ಕಲಿಸಿಕೊಟ್ಟೋರೂ ಇವರೇ."

ಬಾಗಿಲ ಕಡೆಯಿಂದ ಒಂದು ಹೆಣ್ಣು ದನಿ, ಹೌದು, ನಾವೂ ಅದ್ದಿದೀವಿ ಎಂದಿತು. ಸೂಪರ್‌ವೈಸರ್ ಆ ಕಡೆ ತಿರುಗಿದ. ದನಿ ನಿಂತಿತು.

ಜನ ಮೇಲೆ ನೋಡಿದರು. ಭಾರಗಳ ಕೆಳಗೆ ನಿಂತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ಒಂದೊಂದೇ ಹೆಜ್ಜೆ ಸರಿದರು. ಸೂಪರ್‌ವೈಸರ್ ಕೂಗಾಡಿದ. ಇವಳಿಗೆ ತಲೆ ಕೆಟ್ಟಿದೆ, ತಮ್ಮನ ಕೈ ಮುರಿದು ಈಗ ಊರ ಮೇಲೆ ಹಾಕುತ್ತಿದ್ದಾಳೆ, ಎಲ್ಲವನ್ನೂ ತಾನೇ ನಿಂತು ಪರೀಕ್ಷೆ ಮಾಡಿಸಿದ್ದೇನೆ, ಏನೂ ಆಗಿಲ್ಲ ಎಂದ. ಸಾಹೇಬರು ಗಡಿಯಾರ ನೋಡಿಕೊಂಡರು. ಇದೆಲ್ಲ ಆಮೇಲೆ ವಿಚಾರಿಸೋಣ, ಈಗ ಕೆಲಸಕ್ಕೆ ನಡೆಯಿರಿ ಎಂದರು.

ಜನ ನಿಂತರು, ಗೊಣಗಿದರು, ಮತ್ತೆ ಕದಲಿದರು. ಅವರನ್ನು ಬೈಯುವುದು ಸುಲಭ. ಅವರ ಮನೆಯಲ್ಲೂ ಒಲೆಯಿದೆ. ಆ ವಯಸ್ಸಾದ ಖಲಾಸಿ ಗ್ಲೌಸು ಹಾಕಿಕೊಂಡು ತನ್ನ ಗೇರ್ ಬಾಕ್ಸಿನ ಕಡೆ ಹೊರಟ.

ವೇಸ್ಟಮ್ಮ ಅವನಿಗಿಂತ ಮುಂಚೆ ಹೋದಳು. ಹೋಗಿ, ಆ ಗೇರ್ ಬಾಕ್ಸಿನ ಅಡಿಯಲ್ಲಿ ಎಣ್ಣೆ ಬಿದ್ದ ನೆಲದ ಮೇಲೆ ಕಾಲು ಮಡಚಿ ಕೂತಳು. ಭಯವಾಗಲಿಲ್ಲ ಎಂದರೆ ಸುಳ್ಳು. ತಲೆಯ ಮೇಲೆ ತೂಗುತ್ತಿದ್ದುದು ಏನೆಂದು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದುದು ಅವಳಿಗೆ ಮತ್ತು ತಮ್ಮನಿಗೆ.

ಖಲಾಸಿ ಹಿಡಿ ಮುಟ್ಟಲಿಲ್ಲ. ಕೆಳಗೆ ಹೆಂಗಸು ಕೂತಿರುವಾಗ ಎತ್ತುವುದು ಹೇಗೆ, ಇಳಿಸುವುದು ಹೇಗೆ?

ಎಬ್ಬಿಸಿ ಅವಳನ್ನು ಎಂದರು ಸಾಹೇಬರು. ಯಾರೂ ಹೋಗಲಿಲ್ಲ. ಎಳೆದು ಹಾಕಿ ಎಂದರು. ಖಲಾಸಿಗಳು ಸುತ್ತ ನಿಂತರು, ಆದರೆ ಗೇರ್ ಬಾಕ್ಸಿನ ನೆರಳಿನೊಳಗೆ ಒಬ್ಬನೂ ಬೂಟು ಇಡಲಿಲ್ಲ. ಆಗ ಸಾಹೇಬರು ಸೂಪರ್‌ವೈಸರನಿಗೇ ಹೇಳಿದರು, ಏನಯ್ಯ ನೋಡ್ತಿದೀಯ, ನೀನೇ ಹೋಗು. ಎಲ್ಲ ಸರಿಯಿದೆ ಅಂದವನಲ್ಲವೇ ಅವನು.

ಅವನು ಬಂದ. ಎದೆ ಮುಂದೆ ಮಾಡಿಕೊಂಡೇ ಬಂದ. ನೆಲದ ಮೇಲಿನ ಎಣ್ಣೆ ಕಲೆಯವರೆಗೆ ಬಂದ. ಅಲ್ಲಿ ಒಮ್ಮೆ ಮೇಲೆ ನೋಡಿದ. ಕಾಲು ಮುಂದಕ್ಕೆ ಹೋಗಲಿಲ್ಲ. ಅಲ್ಲಿಂದಲೇ ಬಗ್ಗಿ, ಕೈ ಚಾಚಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕರೆದ.

"ಬನ್ನಿಮ್ಮಾ ಈಚೆ. ಎದ್ದು ಬನ್ನಿ."

ಅಷ್ಟು ವರ್ಷದಲ್ಲಿ ಅವನು ಅವಳನ್ನು ಬನ್ನಿ ಎಂದದ್ದು ಅದೇ ಮೊದಲು.

"ನೀವೇ ಒಳಗೆ ಬನ್ನಿ ಸಾರ್" ಎಂದಳು ಅವಳು, ಎಲ್ಲರಿಗೂ ಕೇಳಿಸುವ ಹಾಗೆ. "ಏನಾಗುತ್ತೆ ಬಂದ್ರೆ?"

ಶೆಡ್ಡು ಪೂರ್ತಿ ಅವನ ಬೂಟನ್ನು ನೋಡುತ್ತಿತ್ತು. ಆ ಬೂಟು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

ಆಮೇಲೆ ಯಾರ ಅಪ್ಪಣೆಗೂ ಜನ ಕಾಯಲಿಲ್ಲ. ವಯಸ್ಸಾದ ಖಲಾಸಿ ಮರದ ದಿಮ್ಮಿ ತರಿಸಿದ. ಪಕ್ಕದಿಂದ ಒಂದರ ಮೇಲೊಂದು ಪೇರಿಸಿ, ಗೇರ್ ಬಾಕ್ಸಿನ ತಳಕ್ಕೆ ತಾಗುವ ಹಾಗೆ ಬಿಗಿ ಕೊಟ್ಟ. ಈಗ ಏಳು ತಾಯಿ ಎಂದ. ಅವಳು ತೆವಳಿಕೊಂಡು ಹೊರಗೆ ಬಂದಳು. ಮಧ್ಯಾಹ್ನದ ಹೊತ್ತಿಗೆ ತೊಲೆಗಳ ಮೇಲೆ ಒಂದು ಹಾಯಿಸ್ಟೂ ಉಳಿಯಲಿಲ್ಲ. ಇಳಿಸುವಾಗ ಒಂದು ಪಂಪು ಜಾರಿ ದಿಮ್ಮಿಯ ಮೇಲೆ ಕುಕ್ಕರಿಸಿತು. ಖಲಾಸಿಗಳು ಸಾಹೇಬರ ಕಡೆ ನೋಡಿದರು. ಸಾಹೇಬರು ಅಷ್ಟರಲ್ಲಿ ಕೋಣೆಯೊಳಗೆ ಹೋಗಿದ್ದರು.

ಇದನ್ನು ಗೆಲುವು ಅನ್ನುವವರು ಅನ್ನಲಿ. ಹೊಸ ಹಾಯಿಸ್ಟುಗಳು ಬಂದವು. ಸುರಕ್ಷತೆಗಾಗಿ ಆಡಳಿತ ತಾನಾಗಿಯೇ ಹಳೆಯವನ್ನು ತೆಗೆಸಿತು ಎಂದು ಗಿರಣಿಯವರಿಗೆ ಹೇಳಿದರು. ಸೂಪರ್‌ವೈಸರನನ್ನು ಬೇರೆ ಶೆಡ್ಡಿಗೆ ಹಾಕಿದರು, ಅಲ್ಲಿ ಅವನ ಕೆಳಗೆ ಇನ್ನೂ ಹೆಚ್ಚು ಜನರಂತೆ. ತಮ್ಮನದೇ ತಪ್ಪು ಎಂದು ತೀರ್ಮಾನವಾಯಿತು. ಗೇಟಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ವೇಸ್ಟಮ್ಮನನ್ನಂತೂ ಹಾಯಿಸ್ಟು ಇಳಿಸಿದ ದಿನವೇ ಸಂಜೆ, ನಾಳೆಯಿಂದ ಬರಬೇಡ ಎಂದು ಗೇಟಿನಿಂದಾಚೆ ಬಿಟ್ಟರು. ದಿಮ್ಮಿ ಹೊತ್ತ ಖಲಾಸಿಗಳಲ್ಲಿ ಒಬ್ಬನೂ ಗೇಟಿನವರೆಗೆ ಬರಲಿಲ್ಲ. ಅವರು ದಿಮ್ಮಿ ಪೇರಿಸಿದ್ದು ತಮ್ಮ ತಲೆ ಉಳಿಸಿಕೊಳ್ಳಲು. ತಲೆ ಉಳಿಯಿತು, ಕೆಲಸ ಮುಗಿಯಿತು.

ಗೇಟಿನ ಆಚೆ ತಮ್ಮ, ಅವನ ಹೆಂಡತಿ ನಿಂತಿದ್ದರು. ತಮ್ಮನ ಹೆಂಡತಿ ಎಷ್ಟು ಹೊತ್ತಿನಿಂದ ತಡೆದಿಟ್ಟಿದ್ದಳೋ, ಸಿಟ್ಟು ಕಟ್ಟೆಯೊಡೆಯಿತು. ಊರವರ ಕೈ ಉಳಿಸಿದಿರಿ ಅತ್ತಿಗೆ, ನಿಮ್ಮ ತಮ್ಮನ ಬಾಯಿಗೆ ಮಣ್ಣು ಹಾಕಿದಿರಿ ಎಂದು, ತಿರುಗಿ ನೋಡದೆ ಬಸ್ಸಿನ ಕಡೆ ನಡೆದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಕ್ಕ ತಮ್ಮ ಹಿಂದೆ ಹಿಂದೆ ನಡೆದರು. ಕಟ್ಟಿನ ಕೈಯನ್ನು ಅವನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ.

"ಒಂದೇ ಅಂದುಬಿಟ್ಟಿದ್ರೆ ಆಗಿಹೋಗ್ತಿತ್ತಲ್ಲ ಅಕ್ಕ" ಎಂದ ಕೊನೆಗೆ. ಜಗಳ ತೆಗೆಯುವ ದನಿಯಲ್ಲ. ಸೋತ ದನಿ.

"ಹೂಂ, ಆಗಿಹೋಗ್ತಿತ್ತು" ಎಂದಳು. "ಅಂದೇಬಿಡ್ತಿದ್ದೆ ಕಣೋ. ಬಾಯಿಗೆ ಬಂದಿತ್ತು. ಅದನ್ನ ನೆನೆಸಿಕೊಂಡ್ರೇನೇ ಈಗ ನಡುಕ ಬರ್ತಿದೆ, ಆ ಕಬ್ಬಿಣದ ಕೆಳಗೆ ಕೂತಿದ್ದಕ್ಕಲ್ಲ."

ತಮ್ಮ ನಿಂತ. ಬಸ್ಸು ಬಂತು. ಮೆಟ್ಟಿಲಿನ ಕಂಬಿ ಹಿಡಿಯಲು ಅಭ್ಯಾಸಕ್ಕೆ ಬಲಗೈ ಚಾಚಿದ, ಕಂಬಿ ಸಿಗಲಿಲ್ಲ. ಅವಳು ಹಿಂದಿನಿಂದ ಅವನ ಬೆನ್ನಿಗೆ ಎರಡೂ ಅಂಗೈ ಕೊಟ್ಟು ಒಳಗೆ ತಳ್ಳಿ, ತಾನೂ ಹತ್ತಿದಳು.